ಕೈ ಚಾಚದೆ ಹತ್ತು ಸಾವಿರ ಮಕ್ಕಳನ್ನು ಸಲಹಿದ ಜಾರ್ಜ್ ಮುಲ್ಲರ್

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಶ್ಲಿ ಡೌನ್ ದಿಬ್ಬದ ಮೇಲೆ ಐದು ಬೃಹತ್ ಕಲ್ಲಿನ ಕಟ್ಟಡಗಳಿವೆ. 1849ರಿಂದ 1870ರವರೆಗೆ ಒಂದರ ನಂತರ ಒಂದರಂತೆ ತೆರೆದ ಈ ಮನೆಗಳಲ್ಲಿ ಏಕಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಅನಾಥ ಮಕ್ಕಳಿಗೆ ಆಶ್ರಯವಿತ್ತು. ನಿರ್ಮಾಣಕ್ಕೆ ಒಂದು ಲಕ್ಷ ಪೌಂಡಿಗೂ ಮಿಗಿಲಾದ ವೆಚ್ಚವಾಯಿತು. ಅವುಗಳನ್ನು ಕಟ್ಟಿಸಿದ ಜಾರ್ಜ್ ಮುಲ್ಲರ್ ಸ್ವತಃ ಬಡವರು. ಅವರು ಯಾರೆದುರೂ ಕೈ ಚಾಚಲಿಲ್ಲ, ಚಂದಾ ಎತ್ತಲಿಲ್ಲ, ಸಾಲ ಮಾಡಲಿಲ್ಲ. ಬೇಕಾದುದನ್ನು ದೇವರಲ್ಲಿ ಮಾತ್ರ ಬೇಡುವುದು ಅವರ ವ್ರತವಾಗಿತ್ತು.

1805ರ ಸೆಪ್ಟೆಂಬರ್ 27ರಂದು ಪ್ರಷ್ಯಾದ ಕ್ರೊಪೆನ್‌ಸ್ಟೆಟ್ ಎಂಬ ಊರಿನಲ್ಲಿ ಹುಟ್ಟಿದ ಮುಲ್ಲರ್ ಅವರ ಬಾಲ್ಯ ಸಂತರ ಬಾಲ್ಯದಂತಿರಲಿಲ್ಲ. ತಂದೆ ಸುಂಕದ ಅಧಿಕಾರಿ. ಅವರ ವಶದಲ್ಲಿದ್ದ ಸರ್ಕಾರಿ ಹಣವನ್ನೇ ಬಾಲಕ ಕದಿಯುತ್ತಿದ್ದ. ಹದಿನಾರನೆಯ ವಯಸ್ಸಿನಲ್ಲಿ ವಸತಿಗೃಹಗಳಲ್ಲಿ ಉಂಡು ತಂಗಿ, ಬಾಕಿ ತೀರಿಸಲಾಗದೆ ಮೂರು ವಾರಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದುದೂ ಉಂಟು. ಮಗ ಪಾದ್ರಿಯಾದರೆ ಒಳ್ಳೆಯ ಸಂಬಳ ಬರುತ್ತದೆ, ತನ್ನ ಮುಪ್ಪಿಗೂ ಆಸರೆಯಾಗುತ್ತದೆ ಎಂಬ ಲೆಕ್ಕಾಚಾರದಿಂದ ತಂದೆ ಅವರನ್ನು ಧರ್ಮಶಾಸ್ತ್ರದ ವ್ಯಾಸಂಗಕ್ಕೆ ಹಚ್ಚಿದರು.

ಹಾಲೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1825ರ ನವೆಂಬರ್‌ನಲ್ಲಿ, ಗೆಳೆಯನೊಬ್ಬನೊಡನೆ ಅವರು ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಹೋದರು. ಅಲ್ಲಿ ಸಾಮಾನ್ಯ ಜನರು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ದೃಶ್ಯ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಅದೇ ಊರಿನಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ ಅವರು ಒಂದು ಶತಮಾನಕ್ಕೂ ಹಿಂದೆ ದೇವರ ಮೇಲೆ ಭಾರ ಹಾಕಿ ಸ್ಥಾಪಿಸಿದ್ದ ದೊಡ್ಡ ಅನಾಥಾಲಯವಿತ್ತು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಮಿಷನರಿ ಜೀಗೆನ್‌ಬಾಲ್ಗ್ ಕಲಿತದ್ದೂ ಇದೇ ಹಾಲೆಯಲ್ಲಿ. ಕೆಲಕಾಲ ಆ ಅನಾಥಾಲಯದಲ್ಲೇ ತಂಗಿದ್ದ ಮುಲ್ಲರ್ ಅವರ ಮನಸ್ಸಿನಲ್ಲಿ ಫ್ರಾಂಕೆಯವರ ಮಾದರಿ ಬೇರೂರಿತು.

1829ರಲ್ಲಿ ಲಂಡನ್ನಿಗೆ ಬಂದ ಅವರು ಮರುವರ್ಷ ಟೀನ್‌ಮತ್ ಎಂಬ ಊರಿನಲ್ಲಿ ಸಭಾಪಾಲಕರಾದರು. ಮೇರಿ ಗ್ರೋವ್ಸ್ ಅವರನ್ನು ವಿವಾಹವಾದ ಆ ವರ್ಷದಲ್ಲೇ ತಮ್ಮ ನಿಗದಿತ ಸಂಬಳವನ್ನು ತ್ಯಜಿಸಿದರು. ದೇವಾಲಯದ ಆಸನಗಳಿಗೆ ಬಾಡಿಗೆ ವಸೂಲು ಮಾಡಿ ಸಂಬಳ ಕೊಡುವುದು ಅಂದಿನ ಪದ್ಧತಿ. ಉಳ್ಳವರಿಗೆ ಒಳ್ಳೆಯ ಆಸನ, ಇಲ್ಲದವರಿಗೆ ಮೂಲೆ ಎಂಬ ಈ ಭೇದ ಅವರಿಗೆ ಒಪ್ಪಿಗೆಯಾಗಲಿಲ್ಲ. ಮನಸ್ಸಿದ್ದವರು ಕಾಣಿಕೆ ಹಾಕಲೆಂದು ಒಂದು ಪೆಟ್ಟಿಗೆ ಇರಿಸಲಾಯಿತು. 1832ರಲ್ಲಿ ಬ್ರಿಸ್ಟಲ್‌ಗೆ ಬಂದಾಗಲೂ ಇದೇ ನಿಯಮ ಮುಂದುವರಿಯಿತು.

ಅನಾಥಾಲಯದ ಯೋಚನೆ ಕೇವಲ ಕರುಣೆಯಿಂದ ಹುಟ್ಟಿದ್ದಲ್ಲ. ತಮ್ಮ ಸಭೆಯ ಜನರನ್ನು ಭಯವೊಂದು ಆಳುತ್ತಿರುವುದನ್ನು ಮುಲ್ಲರ್ ಕಂಡಿದ್ದರು. ವೃದ್ಧಾಪ್ಯದಲ್ಲಿ ಗತಿಯೇನು ಎಂದು ಕೆಲವರು ಕೊರಗುತ್ತಿದ್ದರು. ಒಬ್ಬಾತ ಕುಟುಂಬ ಉಪವಾಸ ಬಿದ್ದೀತೆಂಬ ಅಂಜಿಕೆಯಿಂದ ದಿನಕ್ಕೆ 14ರಿಂದ 16 ಗಂಟೆ ದುಡಿದು ದೇಹವನ್ನೂ ಮನಸ್ಸನ್ನೂ ಸವೆಸುತ್ತಿದ್ದ. ಹಣವಿಲ್ಲದ ಒಬ್ಬ ಮನುಷ್ಯ ಪ್ರಾರ್ಥನೆಯೊಂದರಿಂದಲೇ ನೂರಾರು ಮಕ್ಕಳನ್ನು ಸಲಹಬಲ್ಲನಾದರೆ, ದೇವರು ಇಂದಿಗೂ ಉದಾರಿಯೆಂಬುದು ಇಂಥವರಿಗೆ ಕಣ್ಣಾರೆ ಕಂಡೀತು ಎಂಬುದು ಅವರ ವಿಚಾರ. ಮಕ್ಕಳಿಗೆ ಅನ್ನ, ಅಂಜಿದವರಿಗೆ ಧೈರ್ಯ ಎಂಬ ಎರಡು ಉದ್ದೇಶಗಳು ಹೀಗೆ ಒಂದಾದವು.

ಮೊದಲ ಕಾಣಿಕೆಗಳು ಬಂದುದು ಹೆಚ್ಚಾಗಿ ಬಡವರಿಂದಲೇ. ಹೊಲಿಗೆಯಿಂದ ಅಲ್ಪ ಸಂಪಾದನೆ ಮಾಡುತ್ತಿದ್ದ ಮಹಿಳೆಯೊಬ್ಬರು ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ನೂರು ಪೌಂಡುಗಳನ್ನು ತಂದುಕೊಟ್ಟರು. ಮುಲ್ಲರ್ ಅದನ್ನು ಕೂಡಲೇ ಸ್ವೀಕರಿಸಲಿಲ್ಲ. ಆವೇಶದಿಂದ ಕೊಟ್ಟು ಆಮೇಲೆ ಪಶ್ಚಾತ್ತಾಪಪಡಬಾರದೆಂದು ಆಕೆಯೊಡನೆ ದೀರ್ಘವಾಗಿ ಮಾತನಾಡಿ, ನಿರ್ಧಾರ ದೃಢವೆಂದು ಖಚಿತವಾದ ಮೇಲಷ್ಟೇ ಪಡೆದರು.

1836ರ ಏಪ್ರಿಲ್‌ನಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಬಾಲಕಿಯರ ಅನಾಥಾಲಯ ಆರಂಭವಾಯಿತು. ಅದಕ್ಕೂ ಮುನ್ನ ಅರ್ಜಿ ಸ್ವೀಕರಿಸಲು ನಿಗದಿಯಾಗಿದ್ದ ದಿನ ಒಂದು ಅರ್ಜಿಯೂ ಬರಲಿಲ್ಲ. ಮನೆ, ಹಣ, ಸಿಬ್ಬಂದಿ ಎಲ್ಲಕ್ಕೂ ಪ್ರಾರ್ಥಿಸಿದ್ದ ತಾವು ಮಕ್ಕಳಿಗಾಗಿ ಪ್ರಾರ್ಥಿಸುವುದನ್ನೇ ಮರೆತಿದ್ದುದು ಮುಲ್ಲರ್ ಅವರಿಗೆ ಆಗ ಹೊಳೆಯಿತು. ಮರುದಿನವೇ ಮೊದಲ ಅರ್ಜಿ ಬಂದಿತು.

1838ರಿಂದ ಕೆಲವು ವರ್ಷ ತೀವ್ರ ಅಭಾವ ಕಾಡಿತು. ಬೆಳಿಗ್ಗೆ ಎದ್ದರೆ ಮಧ್ಯಾಹ್ನದ ಊಟಕ್ಕೆ ಕಾಸಿಲ್ಲದ ದಿನಗಳು ಹಲವು. ಸಂಗತಿ ಸಿಬ್ಬಂದಿಗೆ ಮಾತ್ರ ತಿಳಿಯುತ್ತಿತ್ತು. ಅವರು ಒಟ್ಟಾಗಿ ಪ್ರಾರ್ಥಿಸುತ್ತಿದ್ದರು, ತಮ್ಮಲ್ಲಿದ್ದುದನ್ನೂ ಕೊಡುತ್ತಿದ್ದರು. ಅಂಗಡಿಯಲ್ಲಿ ಉದ್ದರಿ ತರುವುದಂತೂ ನಿಷಿದ್ಧ. ದೇವರನ್ನು ನಂಬಿದ್ದೇನೆಂದು ಹೇಳಿ ಸಾಲಗಾರನಾಗುವುದು ನಂಬಿಕೆಯಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಬಂದ ಪ್ರತಿ ಪೆನ್ನಿಗೂ ಲೆಕ್ಕವಿರುತ್ತಿತ್ತು, ವಾರ್ಷಿಕ ವರದಿಯಲ್ಲಿ ಅದು ಪ್ರಕಟವಾಗುತ್ತಿತ್ತು.

ವರದಿಯೇ ಮರೆಮಾಚಿದ ಯಾಚನೆಯಲ್ಲವೇ ಎಂಬ ಸಂದೇಹ ಏಳುವುದು ಸಹಜ. ಮುಲ್ಲರ್ ಅವರಿಗೂ ಅದರ ಅರಿವಿತ್ತು. 1841ರ ಕೊನೆಯಲ್ಲಿ ಕೈ ಬರಿದಾಗಿದ್ದಾಗ ವರದಿ ಮತ್ತು ಸಾರ್ವಜನಿಕ ಸಭೆಯ ಸಮಯ ಬಂದಿತು. ಕೊರತೆಯನ್ನು ತೋಡಿಕೊಂಡಂತಾಗಬಾರದೆಂದು ಅವರು ಎರಡನ್ನೂ ತಿಂಗಳುಗಟ್ಟಲೆ ಮುಂದೂಡಿದರು.

ವಿಲ್ಸನ್ ಬೀದಿಯಲ್ಲಿ ಮಕ್ಕಳ ಗದ್ದಲದಿಂದ ತೊಂದರೆಯಾಗುತ್ತಿದೆಯೆಂದು 1845ರಲ್ಲಿ ನೆರೆಯವರೊಬ್ಬರು ಸೌಜನ್ಯದಿಂದಲೇ ದೂರು ಬರೆದರು. ಮುಲ್ಲರ್ ಮುನಿಯಲಿಲ್ಲ, ದೂರು ನ್ಯಾಯವೆಂದು ಒಪ್ಪಿದರು. ಆಶ್ಲಿ ಡೌನ್‌ನ ಕಟ್ಟಡಗಳಿಗೆ ಮೂಲವಾದದ್ದು ಆ ಪತ್ರ. 1857ರ ಚಳಿಗಾಲದಲ್ಲಿ ಅಲ್ಲಿನ ಮೊದಲ ಮನೆಯ ಬಾಯ್ಲರ್ ಸೋರತೊಡಗಿತು. ದುರಸ್ತಿಗೆ ಬೆಂಕಿ ಆರಿಸಬೇಕು. ಹೊರಗೆ ಕೊರೆಯುವ ಉತ್ತರದ ಗಾಳಿ. ಒಳಗೆ ಮುನ್ನೂರು ಮಕ್ಕಳು. ಅವರು ಕೆಲಸಗಾರರನ್ನು ಗೊತ್ತುಪಡಿಸಿ, ದಕ್ಷಿಣದ ಗಾಳಿಗಾಗಿ ಪ್ರಾರ್ಥಿಸಿದರು. ಗಾಳಿ ದಿಕ್ಕು ಬದಲಿಸಿತು. ಕೆಲಸಗಾರರು ತಾವಾಗಿಯೇ ರಾತ್ರಿಯಿಡೀ ದುಡಿಯಲು ಮುಂದಾದರು. ಇದನ್ನು ಆಕಸ್ಮಿಕವೆನ್ನುವವರು ಎನ್ನಬಹುದು. ಮುಲ್ಲರ್ ಮಾತ್ರ ಇದನ್ನು ದೇವರ ಉತ್ತರವೆಂದೇ ದಾಖಲಿಸಿದರು.

ಬೇಡಿದ್ದೆಲ್ಲವೂ ಅವರಿಗೆ ದೊರೆಯಿತೆಂದಲ್ಲ. ಎಳೆಯ ಮಗ 1835ರಲ್ಲೇ ತೀರಿಕೊಂಡಿದ್ದ. ನಲವತ್ತು ವರ್ಷ ಜೊತೆಗಿದ್ದ ಪತ್ನಿ ಮೇರಿ 1870ರಲ್ಲಿ ಅಗಲಿದರು. ಅವರ ಅಂತ್ಯಸಂಸ್ಕಾರದ ಪ್ರವಚನವನ್ನು ಮುಲ್ಲರ್ ತಾವೇ ನೀಡಿದರು: ದೇವರು ಆಕೆಯನ್ನು ಕೊಟ್ಟಾಗ ಒಳ್ಳೆಯವನಾಗಿದ್ದ, ಉಳಿಸಿದಾಗಲೂ ಒಳ್ಳೆಯವನಾಗಿದ್ದ, ಕರೆದುಕೊಂಡಾಗಲೂ ಒಳ್ಳೆಯವನೇ ಎಂಬುದು ಅದರ ಸಾರ. 70ರ ಹರೆಯದಲ್ಲಿ ಪ್ರವಚನ ಯಾತ್ರೆ ಆರಂಭಿಸಿ ನಲವತ್ತಕ್ಕೂ ಹೆಚ್ಚು ದೇಶಗಳನ್ನು ಸುತ್ತಿದ ಅವರು, 1890ರಲ್ಲಿ ಭಾರತದ ಜಬಲ್ಪುರದಲ್ಲಿದ್ದಾಗ ಏಕೈಕ ಪುತ್ರಿ ಲಿಡಿಯಾಳ ಸಾವಿನ ಸುದ್ದಿ ತಲುಪಿತು. ಆಗಲೂ ಅವರ ವಿಶ್ವಾಸ ಕದಲಲಿಲ್ಲ. ದೇವರ ರಕ್ಷಣೆಯೆಂದರೆ ದುಃಖ ಹತ್ತಿರ ಸುಳಿಯದು ಎಂಬ ಭರವಸೆಯಲ್ಲ, ದುಃಖದಲ್ಲೂ ಆತನ ಕೈ ಬಿಡದಿರುವುದು ಎಂದು ಅವರು ಬಾಳಿ ತೋರಿಸಿದರು.

1898ರ ಮಾರ್ಚ್ 9ರ ಸಂಜೆ ಎಂದಿನಂತೆ ಪ್ರಾರ್ಥನಾಕೂಟದಲ್ಲಿ ಪಾಲ್ಗೊಂಡ ಮುಲ್ಲರ್ ಮರುದಿನ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ನಿಧನರಾದರು. ಆಗ ಅವರಿಗೆ 92 ವರ್ಷ. ಆ ವೇಳೆಗೆ ಹತ್ತು ಸಾವಿರ ಮಕ್ಕಳು ಅವರ ಆಶ್ರಯದಲ್ಲಿ ಬೆಳೆದಿದ್ದರು; ಸುಮಾರು 15 ಲಕ್ಷ ಪೌಂಡ್ ಅವರ ಕೈ ಹಾದುಹೋಗಿತ್ತು. ತಮ್ಮ ಸ್ವಂತಕ್ಕೆಂದು ಬಂದುದರಲ್ಲೂ 80 ಸಾವಿರ ಪೌಂಡಿಗೂ ಹೆಚ್ಚನ್ನು ಅವರು ಹಂಚಿದ್ದರು. ಕೊನೆಗೆ ಅವರ ಹೆಸರಿನಲ್ಲಿ ಉಳಿದ ಆಸ್ತಿ ಸುಮಾರು 160 ಪೌಂಡ್ ಮಾತ್ರ. ನಾಳೆಗೆಂದು ಕೂಡಿಡದ ಮನುಷ್ಯ ಎಂಬ ಮಾತಿಗೆ ಆ ಲೆಕ್ಕವೇ ಸಾಕ್ಷಿ.