ಬಿಳಿ ಅನ್ನ ತಿಂದ ನಾವಿಕರು ಸತ್ತಿದ್ದೇಕೆ? ತಪ್ಪು ಕಾರಣ ಹಿಡಿದು ಸರಿಯಾದ ಊಟ ಬಡಿಸಿದ ವೈದ್ಯನ ಕಥೆ

ಸೇನಾ ಭರ್ತಿಗೆ ತಯಾರಿ ನಡೆಸುವ ಹುಡುಗರ ಬ್ಯಾಗಿನಲ್ಲಿ ಈಗ ಪ್ರೋಟೀನ್ ಪುಡಿಯ ಡಬ್ಬ ಕಾಣುವುದು ಸಾಮಾನ್ಯ. ಪ್ರೋಟೀನ್ ಹೆಚ್ಚಾದಷ್ಟೂ ಬಲ ಹೆಚ್ಚು ಎಂಬ ನಂಬಿಕೆ ಅದರ ಹಿಂದಿದೆ. ಸುಮಾರು 140 ವರ್ಷಗಳ ಹಿಂದೆ ಜಪಾನಿನ ಒಬ್ಬ ನೌಕಾಪಡೆ ವೈದ್ಯರೂ ಪ್ರೋಟೀನನ್ನೇ ನಂಬಿದ್ದರು. ಅವರು ಕೊಟ್ಟ ಕಾರಣ ತಪ್ಪಾಗಿತ್ತು. ಆದರೂ ಅವರು ಬದಲಿಸಿದ ಊಟದಿಂದ ಎಷ್ಟೋ ನಾವಿಕರು ಬದುಕಿಕೊಂಡರು. ಅದು ಹೇಗೆ ಸಾಧ್ಯವಾಯಿತು ಎಂದು ನೋಡೋಣ.

ಅವರ ಹೆಸರು ತಕಾಕಿ ಕನೆಹಿರೊ. 1849ರಲ್ಲಿ ದಕ್ಷಿಣ ಜಪಾನಿನ ಇಂದಿನ ಮಿಯಾಝಾಕಿ ಪ್ರಾಂತ್ಯದಲ್ಲಿ, ಕೆಳದರ್ಜೆಯ ಸಮುರಾಯ್ ಕುಟುಂಬದಲ್ಲಿ ಹುಟ್ಟಿದರು. ಮೊದಲು ಚೀನೀ ವೈದ್ಯ ಕಲಿತು, 1868ರ ಅಂತರ್ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದರು. ಆಮೇಲೆ ಕಾಗೊಶಿಮಾದಲ್ಲಿ ವಿಲಿಯಂ ವಿಲ್ಲಿಸ್ ಎಂಬ ಬ್ರಿಟಿಷ್ ವೈದ್ಯರ ಶಿಷ್ಯರಾದರು. 1872ರಲ್ಲಿ ನೌಕಾಪಡೆ ಸೇರಿದರು. 1875ರಿಂದ 1880ರವರೆಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಓದು.

ಊರಿಗೆ ಮರಳಿದಾಗ ನೌಕಾಪಡೆಯಲ್ಲಿ ಪ್ರತಿ ವರ್ಷ ಸುಮಾರು ಮೂರರಲ್ಲೊಂದು ಪಾಲು ಜನ ಬೆರಿಬೆರಿಯಿಂದ ನರಳುತ್ತಿದ್ದರು. ಕಾಲು ಜೋಮು ಹಿಡಿಯುವುದು, ಬಾವು ಬರುವುದು, ನಡೆಯಲಾಗದೆ ಕುಸಿಯುವುದು, ಕೊನೆಗೆ ಹೃದಯ ಸೋತು ಸಾವು. ಇದು ಸೋಂಕು ಎಂದು ಹೆಚ್ಚಿನ ವೈದ್ಯರು ನಂಬಿದ್ದರು. ಕ್ರಿಮಿಗಳ ಸಂಶೋಧನೆ ಭರಾಟೆಯಲ್ಲಿದ್ದ ಕಾಲ, ಹಾಗೆ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ತಕಾಕಿ ಕ್ರಿಮಿ ಹುಡುಕುವ ಬದಲು ಊಟದ ತಟ್ಟೆ ನೋಡಿದರು. ಒಂದೇ ಹಡಗು, ಒಂದೇ ಗಾಳಿ. ಆದರೆ ರೋಗ ಅಧಿಕಾರಿಗಳಿಗೆ ಕಡಿಮೆ, ಸಾಮಾನ್ಯ ನಾವಿಕರಿಗೆ ಹೆಚ್ಚು. ಬ್ರಿಟಿಷ್ ನೌಕಾಪಡೆಯಲ್ಲಂತೂ ಈ ಕಾಯಿಲೆಯೇ ಇರಲಿಲ್ಲ. ನಾವಿಕರಿಗೆ ಪಡೆಯಿಂದ ಅಕ್ಕಿ ಸಿಗುತ್ತಿತ್ತು, ನೆಂಚಿಕೊಳ್ಳುವ ಪದಾರ್ಥಕ್ಕೆ ಕೈಗೆ ಹಣ ಸಿಗುತ್ತಿತ್ತು. ಬಡ ಮನೆಯ ಹುಡುಗರು ಆ ಹಣ ಉಳಿಸಿ ಬರೀ ಅನ್ನ ತಿನ್ನುತ್ತಿದ್ದರು. ಅವರ ಹಳ್ಳಿಯಲ್ಲಿ ಬಿಳಿ ಅನ್ನ ಹಬ್ಬದೂಟ. ಇಲ್ಲಿ ಮೂರು ಹೊತ್ತೂ ಅದೇ. ಇದಕ್ಕಿಂತ ಬೇರೇನು ಬೇಕು ಎಂದುಕೊಂಡದ್ದು ಅವರ ತಪ್ಪಲ್ಲ.

1882ರ ಕೊನೆಯಲ್ಲಿ ರ್‍ಯೂಜೊ ಎಂಬ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿ ಸುತ್ತಲು ಹೊರಟಿತು. 376 ಜನರಲ್ಲಿ 169 ಮಂದಿಗೆ ಬೆರಿಬೆರಿ ಬಂತು, 25 ಮಂದಿ ಸತ್ತರು. ತಕಾಕಿ ಇದನ್ನೇ ಹಿಡಿದುಕೊಂಡರು. ಚಕ್ರವರ್ತಿ ಮೇಜಿಯವರನ್ನೇ ಕಂಡು ವಿವರಿಸಿದರು. ಸ್ವತಃ ಚಕ್ರವರ್ತಿಗೂ ಆ ಕಾಯಿಲೆ ಕಾಡಿತ್ತು. 1884ರಲ್ಲಿ ತ್ಸುಕುಬಾ ಎಂಬ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳಿಸಲಾಯಿತು. ಈ ಬಾರಿ ಮಾಂಸ, ಬ್ರೆಡ್ಡು, ಬಾರ್ಲಿ, ಗಟ್ಟಿಹಾಲು ಇತ್ತು. ಮುನ್ನೂರಕ್ಕೂ ಹೆಚ್ಚು ಜನರಲ್ಲಿ ಕಾಯಿಲೆ ಬಿದ್ದವರು 20ಕ್ಕೂ ಕಡಿಮೆ, ಬೆರಿಬೆರಿಗೆ ಸತ್ತವರು ಒಬ್ಬರೂ ಇಲ್ಲ. ಕಾಯಿಲೆ ಬಿದ್ದವರಲ್ಲೂ ಹಲವರು ಮಾಂಸ, ಹಾಲು ಸೇರುವುದಿಲ್ಲವೆಂದು ಬಿಟ್ಟವರು.

ಬ್ರೆಡ್ಡನ್ನು ಹುಡುಗರು ಸಮುದ್ರಕ್ಕೆ ಎಸೆಯುತ್ತಿದ್ದರಂತೆ. ಆದ್ದರಿಂದ 1885ರಿಂದ ಅಕ್ಕಿಗೆ ಬಾರ್ಲಿ ಬೆರೆಸಿ ಬೇಯಿಸುವ ಪದ್ಧತಿ ಬಂತು. ಕೆಲವೇ ವರ್ಷಗಳಲ್ಲಿ ನೌಕಾಪಡೆಯಿಂದ ಬೆರಿಬೆರಿ ಹೆಚ್ಚುಕಡಿಮೆ ಮಾಯವಾಯಿತು.

ಈಗ ತಪ್ಪಿನ ವಿಷಯಕ್ಕೆ ಬರೋಣ. ಅನ್ನದಲ್ಲಿ ಪಿಷ್ಟ ಜಾಸ್ತಿ, ಪ್ರೋಟೀನ್ ಕಡಿಮೆ, ಈ ಅಸಮತೋಲನವೇ ರೋಗಕ್ಕೆ ಕಾರಣ ಎಂದು ತಕಾಕಿ ವಾದಿಸಿದರು. ನಿಜವಾದ ಕಾರಣ ಬಿ1 ಜೀವಸತ್ವ, ಅಂದರೆ ಥಯಮಿನ್ ಕೊರತೆ. ಪಿಷ್ಟವನ್ನು ಶಕ್ತಿಯಾಗಿ ಬದಲಿಸಲು ದೇಹಕ್ಕೆ ಥಯಮಿನ್ ಬೇಕೇ ಬೇಕು. ಅದಿಲ್ಲದಿದ್ದರೆ ಹೆಚ್ಚು ಶಕ್ತಿ ಬಳಸುವ ನರ ಮತ್ತು ಹೃದಯ ಮೊದಲು ಸೊರಗುತ್ತವೆ. ದೇಹದಲ್ಲಿ ಅದರ ದಾಸ್ತಾನು ಕೆಲವು ವಾರಗಳಿಗಷ್ಟೇ ಸಾಲುತ್ತದೆ. ಭತ್ತದಲ್ಲಿ ಅದು ಹೆಚ್ಚಾಗಿ ಇರುವುದು ತೌಡು ಮತ್ತು ಮೊಳಕೆಯ ಭಾಗದಲ್ಲಿ. ಅಕ್ಕಿಯನ್ನು ಬೆಳ್ಳಗೆ ಪಾಲಿಷ್ ಮಾಡಿದಷ್ಟೂ ಅದು ಹೊರಟುಹೋಗುತ್ತದೆ. ಬಾರ್ಲಿಯಲ್ಲಿ ಬಿಳಿ ಅಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಥಯಮಿನ್ ಇದೆ, ಮಾಂಸದಲ್ಲೂ ಇದೆ. ಹಾಗಾಗಿ ಪ್ರೋಟೀನ್ ಎಂದುಕೊಂಡು ಕೊಟ್ಟದ್ದು ಜೀವಸತ್ವವಾಗಿ ಕೆಲಸ ಮಾಡಿತು. (ನಮ್ಮ ಕರಾವಳಿಯ ಕುಚ್ಚಲಕ್ಕಿ ಈ ವಿಷಯದಲ್ಲಿ ಜಾಣ ಅಕ್ಕಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ಥಯಮಿನ್ ಕಾಳಿನ ಒಳಗೆ ಇಳಿಯುವುದರಿಂದ, ಆಮೇಲೆ ಮಿಲ್ಲಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ.)

ಜಪಾನಿನ ಭೂಸೇನೆ ಇದನ್ನು ಒಪ್ಪಲಿಲ್ಲ. ಅಲ್ಲಿನ ವೈದ್ಯರು ಜರ್ಮನ್ ಪದ್ಧತಿಯವರು, ಕ್ರಿಮಿವಾದಿಗಳು. ಅವರಲ್ಲೊಬ್ಬರು ಮೋರಿ ರಿಂತಾರೊ. ಮೋರಿ ಓಗಾಯ್ ಎಂಬ ಹೆಸರಿನಲ್ಲಿ ಜಪಾನಿನ ದೊಡ್ಡ ಸಾಹಿತಿಯೂ ಅವರೇ. ಮೋರಿ ಪ್ರಯೋಗ ಮಾಡಿ, ಕ್ಯಾಲೊರಿ ಮತ್ತು ಪ್ರೋಟೀನ್ ಲೆಕ್ಕದಲ್ಲಿ ಅನ್ನವೇ ಉತ್ತಮ ಎಂದು ತೋರಿಸಿದ್ದರು. ಅವರ ಅಳತೆ ಸರಿಯಾಗಿಯೇ ಇದ್ದಿರಬಹುದು, ಆದರೆ ಅಳೆಯಬೇಕಾದ ವಸ್ತುವಿನ ಹೆಸರೇ ಆಗ ಯಾರಿಗೂ ಗೊತ್ತಿರಲಿಲ್ಲ. ತಕಾಕಿಯ ವಾದದಲ್ಲೂ ಬಿರುಕುಗಳಿದ್ದವು: ಒಟ್ಟಿಗೇ ನಾಲ್ಕಾರು ಆಹಾರ ಬದಲಿಸಿದ್ದರಿಂದ ಯಾವುದು ಕೆಲಸ ಮಾಡಿತು ಎಂದು ಅವರು ಹೇಳುವಂತಿರಲಿಲ್ಲ. ಅವರ ಸಿದ್ಧಾಂತವನ್ನು ಟೀಕಿಸಿದವರದು ಪೂರ್ತಿ ಹಟವಲ್ಲ ಎಂದು ನಮಗನ್ನಿಸುತ್ತದೆ. ಆದರೆ ಹಡಗುಗಳಲ್ಲಿ ಸಾವು ನಿಂತದ್ದನ್ನು ಕಂಡೂ ಕಾಣದಂತಿದ್ದುದಕ್ಕೆ ಸಮಜಾಯಿಷಿ ಇಲ್ಲ.

ಅದರ ಬೆಲೆ ತೆತ್ತವರು ಸೈನಿಕರು. 1894-95ರ ಚೀನಾ ಯುದ್ಧದಲ್ಲಿ ಬೆರಿಬೆರಿಯಿಂದ ಸುಮಾರು 4,000 ಸೈನಿಕರು ಸತ್ತರು. ಕಾದಾಟದಲ್ಲಿ ಸತ್ತವರಿಗಿಂತ ಇವರೇ ಹೆಚ್ಚು. 1904-05ರ ರಷ್ಯಾ ಯುದ್ಧದಲ್ಲಿ ಎರಡು ಲಕ್ಷಕ್ಕೂ ಮೀರಿ ಸೈನಿಕರು ಕಾಯಿಲೆ ಬಿದ್ದರು, ಸುಮಾರು 27,000 ಮಂದಿ ಸತ್ತರು. ನೌಕಾಪಡೆಯಲ್ಲಿ ಬೆರಿಬೆರಿ ಅಪರೂಪವಾಗಿಯೇ ಉಳಿಯಿತು. ಯುದ್ಧ ಮುಗಿಯುವ ಹೊತ್ತಿಗೆ ಭೂಸೇನೆಯ ಅನ್ನಕ್ಕೂ ಬಾರ್ಲಿ ಬಿತ್ತು.

1905ರಲ್ಲಿ ತಕಾಕಿಗೆ ಬ್ಯಾರನ್ ಪದವಿ ಸಿಕ್ಕಿತು. ಜನ ಅವರನ್ನು ಪ್ರೀತಿಯಿಂದಲೋ ಗೇಲಿಯಿಂದಲೋ ಬಾರ್ಲಿ ಬ್ಯಾರನ್ ಎಂದು ಕರೆದರು. ಟೋಕಿಯೋದಲ್ಲಿ ಅವರು ಕಟ್ಟಿದ ವೈದ್ಯ ಶಾಲೆ ಇಂದಿನ ಜಿಕೇ ವೈದ್ಯಕೀಯ ವಿಶ್ವವಿದ್ಯಾಲಯ. ಜಪಾನಿನ ಮೊದಲ ನರ್ಸಿಂಗ್ ಶಾಲೆಯೂ ಅವರದೇ.

ಅವರು 1920ರ ಏಪ್ರಿಲ್‌ನಲ್ಲಿ ತೀರಿಕೊಂಡರು. ತೌಡಿನಿಂದ ಥಯಮಿನ್ನನ್ನು ಶುದ್ಧ ಹರಳಾಗಿ ಬೇರ್ಪಡಿಸಿದ್ದು 1926ರಲ್ಲಿ, ಜಾವಾದಲ್ಲಿ. ಅದರ ರಚನೆಯನ್ನು 1936ರಲ್ಲಿ ಬಿಡಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಇನ್ನು ಅಂಟಾರ್ಕ್ಟಿಕಾದ ಒಂದು ಭೂಶಿರಕ್ಕೆ ತಕಾಕಿಯ ಹೆಸರಿದೆ. ಜೀವಸತ್ವ ಸಂಶೋಧಕರ ಹೆಸರುಗಳನ್ನಿಡುವಾಗ ಬ್ರಿಟಿಷರು ಅವರನ್ನೂ ಆ ಸಾಲಿಗೆ ಸೇರಿಸಿದರು.