ಅಂಕ ಕಡಿಮೆಯಾದವರಿಗೂ ಬಾಗಿಲು ತೆರೆದ ಡಾ. ಟಿ. ಎಂ. ಎ. ಪೈ



ಪಿ.ಯು.ಸಿ. ಫಲಿತಾಂಶ ಬಂದ ವಾರ ನಂದಿಕೂರಿನಂತಹ ಊರಿನಲ್ಲಿ ಕೆಲವು ಮನೆಗಳಲ್ಲಿ ಸಿಹಿ ಹಂಚುತ್ತಾರೆ. ಕೆಲವು ಮನೆಗಳಲ್ಲಿ ಮಾತೇ ನಿಂತುಹೋಗುತ್ತದೆ. ಮಾತು ನಿಂತ ಮನೆಯ ಮಗ ಅಥವಾ ಮಗಳು ನಪಾಸಾಗಿರಬೇಕೆಂದೇನೂ ಇಲ್ಲ. ಪಾಸಾಗಿದ್ದಾರೆ, ಆದರೆ ಬಯಸಿದ ಕಾಲೇಜು ಕೇಳುವಷ್ಟು ಅಂಕ ಬಂದಿಲ್ಲ. ಅರ್ಜಿ ಹಾಕುವುದೋ ಬೇಡವೋ? ಹಾಕಿದರೆ ಯಾರಾದರೂ ತೆರೆದು ನೋಡುವರೇ? ಈ ಚಿಂತೆಯಲ್ಲಿರುವ ಹೆತ್ತವರಿಗೆ, ಇಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಮಣಿಪಾಲವನ್ನು ಕಟ್ಟಿದ ಮಹನೀಯರೊಬ್ಬರ ಜೀವನವನ್ನು ನೆನಪಿಸಬಯಸುತ್ತೇನೆ.

ತೋನ್ಸೆ ಮಾಧವ ಅನಂತ ಪೈಯವರು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಮಿಲಾಗ್ರಿಸ್ ಇಗರ್ಜಿಯಿಂದಾಗಿ ನಮಗೆಲ್ಲ ಪರಿಚಿತವಾಗಿರುವ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿ ಅವರು ಊರಿಗೆ ಮರಳಿದರು. ಮಣಿಪಾಲ ಆಗ ಮುರಕಲ್ಲಿನ ಬೋಳುಗುಡ್ಡ. ಅಲ್ಲಿನ ಮಣ್ಣಪಳ್ಳವೆಂಬ ಕೆರೆಯಿಂದಲೇ ಊರಿಗೆ ಆ ಹೆಸರು ಬಂದಿತೆನ್ನುತ್ತಾರೆ.

ರೋಗಿಗಳನ್ನು ನೋಡುತ್ತಿದ್ದ ವೈದ್ಯರಿಗೆ ರೋಗದ ಹಿಂದಿನ ಬಡತನವೂ ಕಂಡಿತು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಡನೆ ಸೇರಿ, 8,000 ರೂಪಾಯಿಯ ಬಂಡವಾಳದಿಂದ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಆರಂಭಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆಯಿತು. 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಬೇರೆ ಬ್ಯಾಂಕುಗಳ ಲೆಕ್ಕಕ್ಕೇ ಬಾರದಿದ್ದ ಎರಡಾಣೆಗೆ ಬೆಲೆ ಕೊಟ್ಟವರು ಪೈಯವರು. ಶಿಕ್ಷಣದಲ್ಲಿ ಅವರು ಮಾಡಿದ್ದೂ ಇದನ್ನೇ ಎಂದರೆ ತಪ್ಪಾಗಲಾರದು.

1942ರಲ್ಲಿ ಅವರು ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಯುವಕರಿಗೆ ಕಸುಬಿನ ಶಿಕ್ಷಣ ಕೊಡುವುದು ಅದರ ಮೊದಲ ಕೆಲಸಗಳಲ್ಲೊಂದು. 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು ಆರಂಭವಾಯಿತು. ಆದರೆ ಡಾಕ್ಟರಾಗಬೇಕೆಂಬ ಕನಸುಳ್ಳ ಮಕ್ಕಳ ಗತಿಯೇನು? ನಮ್ಮ ಜಿಲ್ಲೆ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು; ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಇಡೀ ದೇಶದಲ್ಲಿದ್ದವು ಸುಮಾರು 30 ಕಾಲೇಜುಗಳು ಮಾತ್ರ. ಸೀಟುಗಳು ಬೆರಳೆಣಿಕೆಯಷ್ಟಾದಾಗ ಅತ್ಯಂತ ಹೆಚ್ಚು ಅಂಕ ಪಡೆದವರಿಗಷ್ಟೇ ಅವು ಮೀಸಲಾಗುತ್ತವೆ. ಅರ್ಹತೆ ಇದ್ದೂ ಕೆಲವೇ ಅಂಕಗಳಿಂದ ಹಿಂದೆ ಬಿದ್ದವರು ಅಲ್ಲಿಗೇ ಆಸೆ ಬಿಡಬೇಕಾಗಿತ್ತು.

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಸರ್ಕಾರದ ಹಣವಿಲ್ಲದೆ, ವಿದ್ಯಾರ್ಥಿಗಳು ಕೊಡುವ ಹಣದಿಂದಲೇ ನಡೆಯುವ ಇಂತಹ ಖಾಸಗಿ ಕಾಲೇಜು ದೇಶದಲ್ಲಿ ಅದೇ ಮೊದಲು. ಮಣಿಪಾಲದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ. ಆದ್ದರಿಂದ ಆರಂಭದ ಪಾಠಗಳನ್ನು ಬೆಟ್ಟದ ಮೇಲೆ ಮುಗಿಸಿದ ವಿದ್ಯಾರ್ಥಿಗಳು ರೋಗಿಗಳ ನಡುವೆ ಕಲಿಯಲು ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಹೋದರು. ಸರ್ಕಾರಿ ಕಾಲೇಜುಗಳಲ್ಲಿ ಸೀಟು ಸಿಗದವರು ದೇಶದ ನಾನಾ ಮೂಲೆಗಳಿಂದ, ಮಲೇಷ್ಯಾದಿಂದಲೂ ಬಂದರು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಕಾಲೇಜು ಖಾಸಗಿಯಾಗಿದ್ದರೂ ಅಂದು ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದುದು ವಿಶ್ವವಿದ್ಯಾಲಯ. ಪ್ರವೇಶದಲ್ಲಿ ಹತ್ತು ಅಂಕ ಕಡಿಮೆಯಿದ್ದ ಹುಡುಗನೂ ಕೊನೆಗೆ ಎಲ್ಲರೂ ಬರೆಯುವ ಪರೀಕ್ಷೆಯನ್ನೇ ಬರೆದು ಪಾಸಾಗಬೇಕಿತ್ತು. ಒಳಗೆ ಬರುವಾಗ ಸಿಕ್ಕಿದ ರಿಯಾಯಿತಿ ಹೊರಗೆ ಹೋಗುವಾಗ ಇರಲಿಲ್ಲ. ಹಾಗೆ ಓದಿ ಹೊರಬಂದ ಎಷ್ಟೋ ಮಂದಿ ಒಳ್ಳೆಯ ವೈದ್ಯರಾಗಿ ಸೇವೆ ಸಲ್ಲಿಸಿದ್ದಾರೆ. ಹದಿನೇಳನೇ ವಯಸ್ಸಿನ ಅಂಕಪಟ್ಟಿ ಆ ದಿನದವರೆಗಿನ ಕಲಿಕೆಯನ್ನು ಹೇಳೀತು. ಮುಂದಿನ ಐದಾರು ವರ್ಷಗಳ ದುಡಿಮೆಯನ್ನು ಅದು ಹೇಗೆ ತಾನೇ ಹೇಳೀತು?

ಆದರೆ ಈ ಬಾಗಿಲಿಗೆ ಬೆಲೆಯೂ ಇತ್ತು. ಹಣವಿದ್ದ ಮನೆಯ ಮಕ್ಕಳಿಗೆ ತೆರೆದ ದಾರಿ, ಅಷ್ಟೇ ಅಂಕ ಪಡೆದ ಬಡವರ ಮಕ್ಕಳಿಗೆ ಎಟುಕಲಿಲ್ಲ. ಮುಂದೆ ಅನೇಕ ಕಡೆ ಕಾಲೇಜುಗಳು ಹುಟ್ಟಿಕೊಂಡು, ಡೊನೇಶನ್ ಎಂಬುದು ವ್ಯಾಪಾರವಾಗಿ ಬೆಳೆಯಿತು. ಕರ್ನಾಟಕ ಸರ್ಕಾರ 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ಮಾಡಿತು. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಖಾಸಗಿ ಕಾಲೇಜುಗಳ ಹಕ್ಕನ್ನು ಒಪ್ಪಿಕೊಂಡಿತು. ಜೊತೆಗೆ ಡೊನೇಶನ್ ಕೂಡದು, ಶಿಕ್ಷಣ ಲಾಭಕೋರತನವಾಗಬಾರದು ಎಂದೂ ಹೇಳಿತು. ಆ ಮೊಕದ್ದಮೆ ಪೈಯವರ ಹೆಸರಿನ ಪ್ರತಿಷ್ಠಾನದ್ದೇ.

ಪೈಯವರು ಅದನ್ನು ನೋಡಲು ಇರಲಿಲ್ಲ. ವೈದ್ಯಕೀಯದ ನಂತರ 1957ರಲ್ಲಿ ಇಂಜಿನಿಯರಿಂಗ್, 1965ರಲ್ಲಿ ದಂತವೈದ್ಯಕೀಯ ಕಾಲೇಜುಗಳು ಮಣಿಪಾಲಕ್ಕೆ ಬಂದವು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಅವರು 1979ರ ಮೇ 29ರಂದು ನಿಧನರಾದರು.

ಹೆತ್ತವರೇ, ಈ ಜೀವನದಿಂದ ನಾವೇನು ಕಲಿಯೋಣ? ಮೊದಲನೆಯದಾಗಿ, ಕನಿಷ್ಠ ಅರ್ಹತೆ ಬೇರೆ, ಕಳೆದ ವರ್ಷ ಕೊನೆಯ ಸೀಟು ಸಿಕ್ಕಿದವನ ಅಂಕ ಬೇರೆ. ಎರಡನೆಯದನ್ನು ನೋಡಿ ಹೆದರಿ ಅರ್ಜಿಯನ್ನೇ ಹಾಕದಿರಬೇಡಿ. ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದರೆ ಕನಿಷ್ಠ ಅರ್ಹತೆಯೇ ಇಲ್ಲದಿದ್ದರೆ ಯಾವ ಶಿಫಾರಸು ಪತ್ರವೂ, ಗುರುಗಳು ಬರೆದುಕೊಟ್ಟದ್ದೂ, ಕೆಲಸಕ್ಕೆ ಬಾರದು. ಇಂದು ನೀಟ್ ಅರ್ಹತೆ ಪಡೆಯದವರಿಗೆ ದೇಶದ ಯಾವ ಕಾಲೇಜಿನಲ್ಲೂ ಎಂ.ಬಿ.ಬಿ.ಎಸ್. ಸೀಟಿಲ್ಲ. ಸೀಟು ಕೊಡಿಸುತ್ತೇನೆಂದು ಬರುವ ದಲ್ಲಾಳಿಯ ಮಾತು ನಂಬಿ ಮನೆ ಅಡವಿಡಬೇಡಿ.

ಎರಡನೆಯದಾಗಿ, ಮುಂದಿನ ಬಾಗಿಲನ್ನು ಬಿಟ್ಟರೆ ಬೇರೆ ಬಾಗಿಲುಗಳೂ ಇವೆ. ನಮ್ಮ ರಾಜ್ಯದಲ್ಲಿ ದ್ವಿತೀಯ ಪಿ.ಯು.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಅಂಕ ಉತ್ತಮಪಡಿಸಿಕೊಳ್ಳಲು ಅವಕಾಶವಿದೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಸುತ್ತುದಾರಿಯೇನೋ ಹೌದು, ಆದರೆ ಊರು ಸೇರಿಸುವ ದಾರಿ.

ಮೂರನೆಯದಾಗಿ, ಬಾಗಿಲು ತೆರೆದ ಮೇಲೆ ದುಡಿಯಬೇಕಾದವರು ಮಕ್ಕಳೇ. ಈ ಮಾತನ್ನು ಬೈಗುಳವಾಗಿ ಹೇಳದೆ ಭರವಸೆಯಾಗಿ ಹೇಳಿ. ಮಾತು ನಿಂತಿರುವ ಮನೆಯಲ್ಲಿ ಇಂದು ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಿರಿ. ಅಂಕಪಟ್ಟಿಯನ್ನು ಒಂದು ಬದಿಗಿಟ್ಟು, ಮುಂದೇನು ಓದಬೇಕೆಂದಿದ್ದೀಯೆಂದು ಮಗುವನ್ನೇ ಕೇಳಿರಿ. ಎರಡಾಣೆ ಕೂಡಿಟ್ಟವರಿಗೆ ಬ್ಯಾಂಕೇ ಆಯಿತು. ನಿಮ್ಮ ಮಗುವಿನಲ್ಲಿರುವುದು ಅದಕ್ಕಿಂತ ಕಡಿಮೆಯೇನಲ್ಲ.