ಡಾಕ್ಟರ್ ಜಾನೆಟ್ ಲೇನ್-ಕ್ಲೇಪನ್

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಂಗಸು ಇನ್ನೆಷ್ಟು ಕಾಲ ಬದುಕಿಯಾಳು? ಮನೆಯವರು ಈ ಪ್ರಶ್ನೆಯನ್ನು ವೈದ್ಯರಲ್ಲಿ ಕೇಳುತ್ತಾರೆ. ರೋಗಿ ತನ್ನ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾಳೆ. ಇದಕ್ಕೆ ಎಣಿಕೆಯಿಂದ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್ ಅವರ ಹೆಸರು ಪ್ರಮುಖವಾದುದು.

1877ರಲ್ಲಿ ಲಿಂಕನ್‌ಷೈರಿನ ಬೋಸ್ಟನ್ ಪಟ್ಟಣದ ಅನುಕೂಲಸ್ಥ ಮನೆತನದಲ್ಲಿ ಅವರು ಜನಿಸಿದರು. ಮಹಿಳೆಯರಿಗಾಗಿಯೇ ಇದ್ದ ಲಂಡನ್ನಿನ ವೈದ್ಯಶಾಲೆಯಲ್ಲಿ ಓದಿ, ವಿಜ್ಞಾನ ಮತ್ತು ವೈದ್ಯ ಎರಡರಲ್ಲೂ ಡಾಕ್ಟರ್ ಪದವಿ ಪಡೆದರು. 1912ರಲ್ಲಿ ಬರ್ಲಿನ್ನಿನ ಕೂಸುಗಳ ತೂಕವನ್ನು ಹೋಲಿಸಿ, ಹಸುವಿನ ಹಾಲು ಕುಡಿದವಕ್ಕಿಂತ ತಾಯಿಯ ಹಾಲು ಕುಡಿದವು ಚೆನ್ನಾಗಿ ಬೆಳೆದುವೆಂದು ತೋರಿಸಿದರು. 1926ರಲ್ಲಿ ಸ್ತನದ ಕ್ಯಾನ್ಸರ್ ಇದ್ದ 500 ಮಂದಿಯನ್ನೂ ಇಲ್ಲದ 500 ಮಂದಿಯನ್ನೂ ಹೋಲಿಸಿದ ವರದಿಯನ್ನು ಪ್ರಕಟಿಸಿದರು. ರೋಗದ ಕಾರಣಗಳನ್ನು ಶೋಧಿಸುವ ಇಂದಿನ ವಿಧಾನಕ್ಕೆ ಅದೇ ಮೇಲ್ಪಂಕ್ತಿಯಾಯಿತು.

ನನ್ನ ಮನಸ್ಸನ್ನು ಸೆಳೆದದ್ದು ಅವರ 1928ರ ವರದಿ. ಶಸ್ತ್ರಚಿಕಿತ್ಸೆಯಾಗಿದ್ದ 2,006 ಮಂದಿ ಹೆಂಗಸರ ಮುಂದಿನ ಬಾಳನ್ನು ಹತ್ತು ವರ್ಷಗಳವರೆಗೆ ಅನುಸರಿಸಿ ಅದನ್ನು ಸಿದ್ಧಪಡಿಸಿದರು. ಕತ್ತಿ ಹಿಡಿದವರ ಕೌಶಲವೊಂದೇ ಸಾಲದು, ರೋಗದ ಯಾವ ಹಂತದಲ್ಲಿ ಚಿಕಿತ್ಸೆ ದೊರೆಯಿತೆಂಬುದೇ ಬಹುಮಟ್ಟಿಗೆ ಆಯುಷ್ಯವನ್ನು ನಿರ್ಧರಿಸುತ್ತದೆ ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು.

ಇದು ನನಗೆ ಕೇವಲ ಪುಸ್ತಕದ ಮಾತಲ್ಲ. ನಮ್ಮ ದೊಡ್ಡಮ್ಮ ಎದೆಯ ಗಂಟನ್ನು ನಾಚಿಕೆಯಿಂದ ಒಂದು ವರ್ಷ ಸೆರಗಿನಡಿ ಮುಚ್ಚಿಟ್ಟಿದ್ದರು. ಈಗ ಕಿಮೋಥೆರಪಿ ಮುಗಿದು ಶಸ್ತ್ರಚಿಕಿತ್ಸೆಗೆ ಕಾದಿದ್ದಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ, ಮುಂದೇನು ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸ್ತನದಲ್ಲೂ ಕಂಕುಳಿನ ಗ್ರಂಥಿಗಳಲ್ಲೂ ರೋಗವೆಷ್ಟು ಉಳಿದಿದೆಯೆಂದು ವೈದ್ಯರು ಅಳೆಯುತ್ತಾರೆ ಎಂದು ತಿಳಿದುಕೊಂಡಿದ್ದೇನೆ. ಏನೂ ಉಳಿದಿರದಿದ್ದರೆ ಸಾಮಾನ್ಯವಾಗಿ ಅದು ಶುಭಸೂಚನೆ. ಉಳಿದಿದ್ದರೆ ಮುಂದಿನ ಔಷಧಿಯನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡುತ್ತಾರೆ. ಆದರೆ ನೂರರಲ್ಲಿ ಎಷ್ಟು ಮಂದಿ ಎಂದು ಹೇಳಬಲ್ಲ ಲೆಕ್ಕ, ಆ ಎಷ್ಟರಲ್ಲಿ ನಮ್ಮ ದೊಡ್ಡಮ್ಮ ಇರುವರೇ ಎಂಬುದನ್ನು ಹೇಳಲಾರದು. ಆದುದರಿಂದ ನಾನು ಮನೆಯವರಿಗೆ ವರ್ಷಗಳ ಲೆಕ್ಕ ಹೇಳುವುದಿಲ್ಲ. ಗಂಟು ಕಂಡೊಡನೆ ವೈದ್ಯರಿಗೆ ತೋರಿಸಬೇಕೆಂದು ಮಾತ್ರ ಓಣಿಯ ಹೆಂಗಸರಿಗೆಲ್ಲ ಹೇಳುತ್ತಿದ್ದೇನೆ.

1929ರಲ್ಲಿ ಲೇನ್-ಕ್ಲೇಪನ್ ಅವರು ವಿವಾಹವಾದರು. ಮದುವೆಯಾದ ಮಹಿಳೆ ಸರ್ಕಾರಿ ಸೇವೆಯಲ್ಲಿ ಮುಂದುವರಿಯುವಂತಿಲ್ಲವೆಂಬ ನಿಯಮ ಅಂದು ಅಲ್ಲಿತ್ತು. ಐವತ್ತೆರಡನೆಯ ವಯಸ್ಸಿಗೇ ಅವರ ಸಂಶೋಧನೆ ನಿಂತಿತು. ಬಳಿಕ ಮೂವತ್ತೆಂಟು ವರ್ಷ ಬಾಳಿ, 1967ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷಗಳಲ್ಲಿ ಅವರು ಇನ್ನೂ ಏನೇನು ಎಣಿಸಬಹುದಿತ್ತೋ! ಸಹಪಾಠಿನಿಯರೇ, ಪದವಿಯ ಬಳಿಕ ನಮ್ಮಲ್ಲಿ ಎಷ್ಟು ಮಂದಿಯ ಕೆಲಸ ಹಾಗೆಯೇ ನಿಂತುಹೋದೀತೆಂದು ನಾವೂ ಯೋಚಿಸಬೇಕು.